ತುಮಕೂರಿನಿಂದ ಅಂಕೋರ್‌ವಾಟ್‌ಗೆ: ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋಗುವವರಿಗೆ ಸಮಗ್ರ ಮಾರ್ಗದರ್ಶಿ

ನಮ್ಮ ಕಾಲೇಜಿನ ಇತಿಹಾಸದ ಮಕ್ಕಳನ್ನು ಮೊದಲ ಸಲ ಕಾಂಬೋಡಿಯಾಗೆ ಕರೆದುಕೊಂಡು ಹೋದಾಗ 2 ದಿನದಲ್ಲಿ 11 ಗುಡಿ ತೋರಿಸಿದ್ದೆ. ಅಷ್ಟು ದುಡ್ಡು ಕೊಟ್ಟು ಬಂದಿದ್ದಾರೆ, ಒಂದೂ ತಪ್ಪಬಾರದು ಅನ್ನುವ ಆಸೆ ನನ್ನದು. ವಾಪಸ್ ಬರುವಾಗ ದೊಡ್ಡಬಳ್ಳಾಪುರ ದಾಟಿ ದಾಬಸ್‌ಪೇಟೆ ರಸ್ತೆಯಲ್ಲಿ ಬಸ್ಸು ಹೋಗುತ್ತಿತ್ತು. ‘ಯಾವುದು ಮನಸ್ಸಲ್ಲಿ ಉಳೀತು?’ ಎಂದು ಕೇಳಿದೆ. ಒಬ್ಬ ಹುಡುಗ ಸ್ವಲ್ಪ ಯೋಚಿಸಿ, ‘ಮೇಡಂ, ಎಲ್ಲಾ ಒಂದೇ ಥರ ಇತ್ತಲ್ವಾ?’ ಎಂದ. ಅವನ ತಪ್ಪಲ್ಲ. ನೋಡುವುದಕ್ಕೆ ನಾನು ಅವನಿಗೆ ಸಮಯವನ್ನೇ ಕೊಟ್ಟಿರಲಿಲ್ಲ.

ಎರಡನೇ ಸಲ 5 ಗುಡಿ ಮಾತ್ರ ನೋಡಿದೆವು. ಆ ಮಕ್ಕಳು ಇವತ್ತಿಗೂ ಒಂದೊಂದು ಕಲ್ಲಿನ ಬಗ್ಗೆ ಮಾತಾಡುತ್ತಾರೆ. ಆ ಎರಡನೇ ಪ್ರವಾಸವನ್ನು ಹೇಗೆ ಮಾಡಿದೆವು ಎನ್ನುವುದನ್ನು ಹೆಜ್ಜೆ ಹೆಜ್ಜೆಯಾಗಿ ಬರೆಯುತ್ತೇನೆ. ನೀವು ಬೇರೆ ದೇಶಕ್ಕೆ ಹೊರಟಿದ್ದರೂ ಇದರಲ್ಲಿ ಬಹಳಷ್ಟು ಉಪಯೋಗಕ್ಕೆ ಬರುತ್ತದೆ.

ಮೊದಲ ಹೆಜ್ಜೆ: ಮನೆ ಹತ್ತಿರದ ಗುಡಿಗೆ ಹೋಗಿ

ಟಿಕೆಟ್ ಬುಕ್ ಮಾಡುವುದಕ್ಕಿಂತ ಮುಂಚೆ ಈ ಕೆಲಸ ಆಗಬೇಕು. ವಿದೇಶದಲ್ಲಿ ನೋಡುವುದನ್ನು ವಿದೇಶದಲ್ಲೇ ಕಲಿಯೋಣ ಅಂದರೆ ಆಗುವುದಿಲ್ಲ. ಅಲ್ಲಿ ಬಿಸಿಲು, ಜನ, ಗೈಡ್ ಅವಸರ. ಕಣ್ಣನ್ನು ಇಲ್ಲೇ ಪಳಗಿಸಿಕೊಂಡು ಹೋಗಬೇಕು.

ನಾವು ಎರಡು ಭಾನುವಾರ ಇಟ್ಟುಕೊಂಡೆವು. ಮೊದಲನೆಯದು ಗೂಳೂರಿನ ಪಕ್ಕದ ಕೈದಾಳಕ್ಕೆ. ಜಕಣಾಚಾರಿ ಕಡಿದುಕೊಂಡ ಕೈ ಮತ್ತೆ ಬಂದ ಊರು, ಅದಕ್ಕೇ ಕೈದಾಳ ಎನ್ನುವ ಐತಿಹ್ಯ ನಮ್ಮ ಜಿಲ್ಲೆಯ ಮಕ್ಕಳಿಗೆಲ್ಲ ಗೊತ್ತು. ಅವರಿಗೆ ಗೊತ್ತಿಲ್ಲದ್ದು ಕಾಲ. ಆ ಚನ್ನಕೇಶವ ಗುಡಿ 12ನೇ ಶತಮಾನದ್ದು. ಬೇಲೂರಿನ ಪ್ರತಿಷ್ಠೆ 1117ರಲ್ಲಿ. ಸರಿಯಾಗಿ ಅದೇ ಶತಮಾನದಲ್ಲಿ, ಕಡಲಾಚೆ ಕಾಂಬೋಡಿಯಾದ ರಾಜ 2ನೇ ಸೂರ್ಯವರ್ಮ ಅಂಕೋರ್‌ವಾಟ್ ಕಟ್ಟಿಸುತ್ತಿದ್ದ. ಅದೂ ವಿಷ್ಣುವಿಗೇ. ಇದನ್ನು ಕೈದಾಳದ ಮೆಟ್ಟಿಲ ಮೇಲೆ ಕೂರಿಸಿ ಹೇಳಿ ನೋಡಿ, ಮಕ್ಕಳ ಮುಖವೇ ಬದಲಾಗುತ್ತದೆ.

ಎರಡನೇ ಭಾನುವಾರ ತಿಪಟೂರು ತಾಲ್ಲೂಕಿನ ಅರಳಗುಪ್ಪೆ. ಅಲ್ಲಿಯ ಕಲ್ಲೇಶ್ವರ ಗುಡಿ 9ನೇ ಶತಮಾನದ್ದು. ಒಳಗೆ ಹೋಗಿ ಛಾವಣಿ ನೋಡಬೇಕು. ನಡುವೆ ಕುಣಿಯುವ ಶಿವ, ಸುತ್ತ 8 ದಿಕ್ಪಾಲಕರು. ನಾನು ಮಕ್ಕಳಿಗೆ ಕೊಟ್ಟ ಕೆಲಸ ಇಷ್ಟೇ. ಮೊಬೈಲು ಚೀಲದಲ್ಲಿಡಿ. ನೆಲದ ಮೇಲೆ ಮಲಗಿ. 15 ನಿಮಿಷ ಸುಮ್ನೆ ನೋಡಿ. ಆಮೇಲೆ ವಾಹನದ ಮೇಲಿಂದ ಯಾರು ಯಾರು ಎಂದು ಕಂಡುಹಿಡಿಯಿರಿ. ಆನೆ ಇದ್ದರೆ ಇಂದ್ರ, ಕೋಣ ಇದ್ದರೆ ಯಮ. ಮೊದಲ 5 ನಿಮಿಷ ಗುಸುಗುಸು, ನಗು. ಆಮೇಲೆ ಪೂರ್ತಿ ಮೌನ. ಹತ್ತನೇ ನಿಮಿಷಕ್ಕೆ ಒಬ್ಬಳು, ‘ಅಯ್ಯೋ, ಇವರ ಸುತ್ತ ಹಾರ್ತಾ ಇರೋರೂ ಇದ್ದಾರೆ ಮೇಡಂ’ ಎಂದಳು. ಅಲ್ಲಿಯವರೆಗೂ ಅದು ಯಾರಿಗೂ ಕಂಡಿರಲಿಲ್ಲ.

ಆ ದಿನವೇ ಒಬ್ಬೊಬ್ಬರಿಗೆ ಅಂಕೋರ್‌ವಾಟ್‌ನ ಒಂದೊಂದು ಶಿಲ್ಪದ ಭಾಗ ಹಂಚಿಬಿಡಿ. ‘ಇದು ನಿನ್ನದು. ಅಲ್ಲಿ ಹೋದಾಗ ನಮಗೆಲ್ಲ ನೀನೇ ತೋರಿಸಬೇಕು.’ ಆರು ವಾರದಲ್ಲಿ ಅವರು ಎಷ್ಟು ಓದುತ್ತಾರೆ ಎಂದು ನೋಡಿದರೆ ನಿಮಗೇ ಆಶ್ಚರ್ಯ ಆಗುತ್ತದೆ.

ಎರಡನೇ ಹೆಜ್ಜೆ: ಕಾಗದ ಪತ್ರ

ಪಾಸ್‌ಪೋರ್ಟ್‌ಗೆ ಪ್ರಯಾಣದ ದಿನದಿಂದ ಕನಿಷ್ಠ 6 ತಿಂಗಳ ಅವಧಿ ಉಳಿದಿರಬೇಕು. ಹೊಸದಾಗಿ ಮಾಡಿಸುವ ಮಕ್ಕಳೇ ಜಾಸ್ತಿ ಇರುತ್ತಾರೆ. ಅಲ್ಲಿ ತೊಡಕಾಗುವುದು ಹೆಸರಿನದು. ನಮ್ಮ ಮಾರ್ಕ್ಸ್ ಕಾರ್ಡಿನಲ್ಲಿ ಇನಿಷಿಯಲ್ ಇರುತ್ತದೆ, ಆಧಾರ್‌ನಲ್ಲಿ ಅಪ್ಪನ ಹೆಸರು ಪೂರ್ತಿ ಇರುತ್ತದೆ, ಇನ್ನೊಂದರಲ್ಲಿ ಊರಿನ ಹೆಸರೂ ಸೇರಿರುತ್ತದೆ. ಪಾಸ್‌ಪೋರ್ಟ್ ಅರ್ಜಿಯಲ್ಲಿ ಇನಿಷಿಯಲ್ ನಡೆಯುವುದಿಲ್ಲ, ಬಿಡಿಸಿ ಬರೆಯಬೇಕು. ಆದ್ದರಿಂದ ಕನಿಷ್ಠ 4 ತಿಂಗಳು ಮುಂಚೆ ಎಲ್ಲರ ದಾಖಲೆ ತರಿಸಿ, ಮೇಜಿನ ಮೇಲೆ ಒಟ್ಟಿಗೆ ಇಟ್ಟು ನೋಡಿ. ವಿಮಾನದ ಟಿಕೆಟ್ಟಿನ ಹೆಸರು ಪಾಸ್‌ಪೋರ್ಟಿನಲ್ಲಿ ಇರುವ ಹಾಗೇ ಇರಬೇಕು.

ಕಾಂಬೋಡಿಯಾ ವೀಸಾ ಆನ್‌ಲೈನ್‌ನಲ್ಲಿ ಸಿಗುತ್ತದೆ. ಅಲ್ಲಿಯ ಸರ್ಕಾರದ ತಾಣದಲ್ಲಿ ಮಾತ್ರ ಅರ್ಜಿ ಹಾಕಿ. ವಿಳಾಸದ ಕೊನೆಯಲ್ಲಿ ‘ಗವ್ ಡಾಟ್ ಕೆಎಚ್’ (.gov.kh) ಇದೆಯಾ ನೋಡಿಕೊಳ್ಳಿ. ಅದೇ ಥರ ಕಾಣುವ ಖಾಸಗಿ ತಾಣಗಳು ಮೇಲೆ ದುಡ್ಡು ಕೀಳುತ್ತವೆ. ಹೊರಡುವ ಮುಂಚಿನ 7 ದಿನದೊಳಗೆ ಇ-ಅರೈವಲ್ ಕಾರ್ಡನ್ನೂ, ಅಂದರೆ ಆ ದೇಶಕ್ಕೆ ಬರುವವರ ವಿವರದ ಆನ್‌ಲೈನ್ ಫಾರಂ ಅನ್ನೂ, ತುಂಬಬೇಕು. ಅದು ಉಚಿತ.

18 ತುಂಬದವರು ಇದ್ದರೆ ಅಪ್ಪ ಅಮ್ಮ ಇಬ್ಬರ ಒಪ್ಪಿಗೆ ಪತ್ರ ನೋಟರಿ ಮಾಡಿಸಿ ಇಟ್ಟುಕೊಳ್ಳಿ. ಪ್ರಯಾಣ ವಿಮೆ ಬಿಡಲೇಬೇಡಿ. ಭಾರತದ ರಾಯಭಾರ ಕಚೇರಿ ಇರುವುದು ನೋಮ್ ಪೆನ್‌ನಲ್ಲಿ. ಗುಡಿಗಳಿರುವ ಸಿಯೆಮ್ ರೀಪ್‌ನಿಂದ ಅದು 300 ಕಿ.ಮೀ.ಗೂ ಜಾಸ್ತಿ ದೂರ. ಅಲ್ಲಿ ಪಾಸ್‌ಪೋರ್ಟ್ ಕಳೆದರೆ ದೊಡ್ಡ ಓಡಾಟ. ಪ್ರತಿಯೊಬ್ಬರ ಪಾಸ್‌ಪೋರ್ಟ್ ಜೆರಾಕ್ಸ್ ಎರಡೆರಡು ಮಾಡಿಸಿ. ಒಂದು ಮಗುವಿನ ಚೀಲದಲ್ಲಿ, ಇನ್ನೊಂದು ನಿಮ್ಮ ಹತ್ತಿರ.

ದಾರಿ ಬಗ್ಗೆ ಒಂದು ಮಾತು. ಬ್ಯಾಂಕಾಕ್‌ಗೆ ಹೋಗಿ ಅಲ್ಲಿಂದ ಬಸ್ಸಿನಲ್ಲಿ ಗಡಿ ದಾಟಿದರೆ ಅಗ್ಗ ಎಂದು ಕೆಲವರು ಹೇಳುತ್ತಾರೆ. 2025ರಲ್ಲಿ ಥಾಯ್ಲೆಂಡ್ ಮತ್ತು ಕಾಂಬೋಡಿಯಾ ನಡುವೆ ಗಡಿ ಘರ್ಷಣೆ ನಡೆದು ಆ ದಾರಿಗಳು ಮುಚ್ಚಿದವು. ಮಕ್ಕಳ ಗುಂಪಿಗೆ ಆ ದಾರಿ ಬೇಡ. ಬ್ಯಾಂಕಾಕ್, ಸಿಂಗಪುರ ಅಥವಾ ಕ್ವಾಲಾಲಂಪುರದಲ್ಲಿ ವಿಮಾನ ಬದಲಿಸಿ ನೇರ ಸಿಯೆಮ್ ರೀಪ್‌ಗೆ ಇಳಿಯಿರಿ. ಹೊರಡುವ ಮುಂಚೆ ನಮ್ಮ ವಿದೇಶಾಂಗ ಸಚಿವಾಲಯದ ಸೂಚನೆ ನೋಡುವುದನ್ನು ಮರೆಯಬೇಡಿ. 2023ರಲ್ಲಿ ಶುರುವಾದ ಹೊಸ ವಿಮಾನ ನಿಲ್ದಾಣ ಊರಿಂದ 40 ಕಿ.ಮೀ.ಗೂ ಜಾಸ್ತಿ ದೂರದಲ್ಲಿದೆ. ವ್ಯಾನ್ ಮೊದಲೇ ಗೊತ್ತು ಮಾಡಿ.

ಮೂರನೇ ಹೆಜ್ಜೆ: ದುಡ್ಡು

ಅಲ್ಲಿ ರಿಯೆಲ್ ಜೊತೆಗೆ ಅಮೆರಿಕದ ಡಾಲರ್ ಕೂಡ ಎಲ್ಲ ಕಡೆ ನಡೆಯುತ್ತದೆ. 1 ಡಾಲರ್‌ಗೆ ಸುಮಾರು 4,000 ರಿಯೆಲ್. 1, 5, 10 ಡಾಲರ್ ನೋಟುಗಳನ್ನೇ ಜಾಸ್ತಿ ತಗೊಳ್ಳಿ. ನೋಟು ಶುದ್ಧವಾಗಿರಬೇಕು. ನಮ್ಮ ಹುಡುಗಿಯೊಬ್ಬಳು ಎಳನೀರು ಕುಡಿದು 5 ಡಾಲರ್ ಕೊಟ್ಟಳು. ಅಂಗಡಿಯಮ್ಮ ನೋಟನ್ನು ಬಿಸಿಲಿಗೆ ಹಿಡಿದು, ಅಂಚಿನಲ್ಲಿ ಉಗುರಿನಷ್ಟು ಹರಿದಿದ್ದನ್ನು ಬೆರಳಿಟ್ಟು ತೋರಿಸಿ ವಾಪಸ್ ಕೊಟ್ಟರು. ಇಲ್ಲಿ ನೋಟು ಬದಲಿಸಿಕೊಳ್ಳುವಾಗಲೇ ಒಂದೊಂದನ್ನೂ ತಿರುವಿ ನೋಡಿ, ಹರಿದದ್ದನ್ನು ಅಲ್ಲೇ ಬದಲಿಸಿಕೊಳ್ಳಿ.

ನಾಲ್ಕನೇ ಹೆಜ್ಜೆ: ಯಾವಾಗ, ಎಷ್ಟು ದಿನ, ಯಾವ ಟಿಕೆಟ್

ನವೆಂಬರ್‌ನಿಂದ ಫೆಬ್ರವರಿವರೆಗೆ ಒಳ್ಳೆಯ ಕಾಲ. ಏಪ್ರಿಲ್‌ನಲ್ಲಿ ಹೋದರೆ ಪಾವಗಡದ ಬೇಸಿಗೆಯ ಜೊತೆಗೆ ಕರಾವಳಿಯ ಸೆಕೆ ಸೇರಿಸಿದ ಹಾಗಿರುತ್ತದೆ.

ಅಂಕೋರ್‌ನ ಟಿಕೆಟ್ 1 ದಿನಕ್ಕೆ 37 ಡಾಲರ್, 3 ದಿನಕ್ಕೆ 62, 7 ದಿನಕ್ಕೆ 72. 12 ವರ್ಷದೊಳಗಿನ ಮಕ್ಕಳಿಗೆ ಉಚಿತ. ವಿದ್ಯಾರ್ಥಿಗಳಿಗೆ 3 ದಿನದ್ದೇ ಸರಿ. ಆ 3 ದಿನಗಳನ್ನು 10 ದಿನದೊಳಗೆ ಯಾವಾಗ ಬೇಕಾದರೂ ಬಳಸಬಹುದು. ಹಾಗಾಗಿ ನಡುವೆ ಒಂದು ದಿನ ಬಿಡುವು ಕೊಡಿ. ಸಾಲಾಗಿ ಮೂರು ದಿನ ಕಲ್ಲು ನೋಡಿದರೆ ದೊಡ್ಡವರಿಗೂ ಕಣ್ಣು ಸೋಲುತ್ತದೆ.

ಟಿಕೆಟ್ ಗುಡಿಯ ಬಾಗಿಲಲ್ಲಿ ಸಿಗುವುದಿಲ್ಲ. ಅದಕ್ಕೆ ಬೇರೆಯದೇ ಕೇಂದ್ರ ಇದೆ. ಅಲ್ಲಿ ಪ್ರತಿಯೊಬ್ಬರ ಫೋಟೋ ತೆಗೆದು ಟಿಕೆಟ್ ಮೇಲೆ ಹಾಕುತ್ತಾರೆ. ಒಬ್ಬರ ಟಿಕೆಟ್ ಇನ್ನೊಬ್ಬರಿಗೆ ನಡೆಯದು. 30 ಮಕ್ಕಳಿದ್ದರೆ ಹಿಂದಿನ ದಿನ ಸಂಜೆ 5ರ ಹೊತ್ತಿಗೆ ಹೋಗಿ ತಗೊಳ್ಳಿ. ಟಿಕೆಟ್ ಲೆಕ್ಕ ಮರುದಿನದಿಂದ ಶುರು, ಆ ಸಂಜೆಯ ಸೂರ್ಯಾಸ್ತ ನೋಡಲೂ ಬಿಡುತ್ತಾರೆ.

ಬಟ್ಟೆ: ಭುಜ ಮತ್ತು ಮೊಣಕಾಲು ಮುಚ್ಚಿರಬೇಕು. ಚೂಡಿದಾರ್, ತೆಳು ಕಾಟನ್ ಪ್ಯಾಂಟು ಸಾಕು. ಹುಡುಗರಿಗೆ ಚಡ್ಡಿ, ಬನಿಯನ್ ಬೇಡ ಎಂದು ಮೊದಲೇ ಹೇಳಿಬಿಡಿ. ಅಂಕೋರ್‌ವಾಟ್‌ನ ಮೇಲಿನ ಅಂತಸ್ತಿಗೆ ಹತ್ತುವ ಕಡೆ ಇದನ್ನು ಕಟ್ಟುನಿಟ್ಟಾಗಿ ನೋಡುತ್ತಾರೆ.

ಐದನೇ ಹೆಜ್ಜೆ: ಅಂಕೋರ್‌ವಾಟ್‌ಗೆ ಒಂದು ಪೂರ್ತಿ ದಿನ

ಇಡೀ ಪ್ರವಾಸದ ಜೀವ ಇದೇ ದಿನ. ಬೇರೆ ಯಾವ ಗುಡಿಯನ್ನೂ ಇದರ ಜೊತೆ ಸೇರಿಸಬೇಡಿ.

ಬೆಳಿಗ್ಗೆ 5ಕ್ಕೆ ಬಾಗಿಲು ತೆರೆಯುತ್ತದೆ. ಸೂರ್ಯೋದಯಕ್ಕೆ ಸಾವಿರಾರು ಜನ ಎಡಗಡೆಯ ಕೊಳದ ಹತ್ತಿರ ಫೋಟೋಕ್ಕೆ ನಿಲ್ಲುತ್ತಾರೆ. ನಿಮ್ಮ ಮಕ್ಕಳೂ ನಿಲ್ಲಲಿ, ಚೆನ್ನಾಗಿರುತ್ತದೆ. ಆದರೆ ಸೂರ್ಯ ಮೇಲೆ ಬಂದ ಕೂಡಲೇ ಆ ಜನವೆಲ್ಲ ತಿಂಡಿಗೆ ಹೋಟೆಲಿಗೆ ಹೋಗುತ್ತಾರೆ. ಆಗ ನೀವು ಒಳಗೆ ಹೋಗಿ. ಬಾಳೆಹಣ್ಣು, ಬ್ರೆಡ್ ಜೊತೆಗಿಟ್ಟುಕೊಂಡು ಹೊರಗೇ ತಿಂದು ಮುಗಿಸಿ. ಆರೂವರೆಯಿಂದ ಎಂಟೂವರೆವರೆಗೆ ಕೈಸಾಲೆ ಹೆಚ್ಚುಕಡಿಮೆ ನಿಮ್ಮದೇ.

ಒಳಗೆ ಹೋದ ಮೇಲೆ ಯಾವ ಕಡೆ ತಿರುಗುವುದು? ನಮ್ಮ ಕಾಲು ತಾನಾಗಿ ಪ್ರದಕ್ಷಿಣೆಗೆ ಹೊರಡುತ್ತದೆ. ಇಲ್ಲಿ ಹಾಗಲ್ಲ. ಈ ಗುಡಿ ಪಶ್ಚಿಮಕ್ಕೆ ಮುಖ ಮಾಡಿದೆ, ಶಿಲ್ಪಗಳನ್ನು ಅಪ್ರದಕ್ಷಿಣೆಯಾಗಿ ನೋಡಬೇಕು. ಅಂದರೆ ಒಳಗೆ ಬಂದು ಬಲಕ್ಕೆ ತಿರುಗಿ. ಗರ್ಭಗುಡಿ ಎಡಗೈ ಕಡೆ ಇರಲಿ. ಅಪರ ಕರ್ಮದಲ್ಲಿ ಸುತ್ತುವುದು ಹೀಗೇ. ಹಾಗಾಗಿ ಇದು ರಾಜನ ಸಮಾಧಿಗೆಂದೂ ಕಟ್ಟಿದ ಗುಡಿ ಇರಬಹುದು ಎಂದು ವಿದ್ವಾಂಸರು ಹೇಳುತ್ತಾರೆ. ಇದನ್ನು ಮೊದಲೇ ಹೇಳಬೇಡಿ. ಮಕ್ಕಳೇ ‘ಯಾಕೆ ಉಲ್ಟಾ?’ ಎಂದು ಕೇಳಲಿ.

ಮೊದಲು ಸಿಗುವುದು ಕುರುಕ್ಷೇತ್ರ. ಎಡದಿಂದ ಕೌರವರು, ಬಲದಿಂದ ಪಾಂಡವರು, ನಡುವೆ ಕೈಗೆ ಕೈ ಹತ್ತಿದ ಯುದ್ಧ. ಎಡಭಾಗದಲ್ಲಿ ಬಾಣಗಳ ಮೇಲೆ ಮಲಗಿದ ಭೀಷ್ಮ. ನಮ್ಮ ಜಿಲ್ಲೆಯ ಹಳ್ಳಿಗಳಲ್ಲಿ ಹಬ್ಬಕ್ಕೆ ಪೌರಾಣಿಕ ನಾಟಕ ಆಡದ ಊರು ಕಡಿಮೆ. ಈ ಭಾಗ ಹಂಚಿಕೆಯಾದ ಹುಡುಗನ ಚಿಕ್ಕಪ್ಪ ಊರಿನ ನಾಟಕದಲ್ಲಿ ಭೀಷ್ಮನ ಪಾತ್ರ ಮಾಡುವವರು. ಅವನು ಆ ಕಲ್ಲಿನ ಮುಂದೆ ನಿಂತು, ಚಿಕ್ಕಪ್ಪ ಹೇಗೆ ಮಲಗುತ್ತಾರೆ, ಅರ್ಜುನನನ್ನು ಹೇಗೆ ಕರೆಯುತ್ತಾರೆ ಎಂದು ಹೇಳಿದ. ಪಕ್ಕದಲ್ಲಿದ್ದ ಕಾಂಬೋಡಿಯಾದ ಗೈಡ್ ಕನ್ನಡ ಬರದಿದ್ದರೂ ನಿಂತು ಕೇಳಿದರು.

ಮೂಲೆ ತಿರುಗಿದರೆ ದಕ್ಷಿಣದ ಕೈಸಾಲೆ. ಮೊದಲು ಸೂರ್ಯವರ್ಮನ ಮೆರವಣಿಗೆ. ರಾಜನನ್ನು ಹುಡುಕುವುದು ಸುಲಭ, ಕೊಡೆ ಎಣಿಸಿ. ಯಾರ ಮೇಲೆ 15 ಇದೆಯೋ ಅವನೇ. ಆಮೇಲೆ ಸ್ವರ್ಗ ನರಕ. 37 ಸ್ವರ್ಗ, 32 ನರಕ. ರೌರವ, ವೈತರಣಿ ಎಂದು ಕಲ್ಲಿನ ಮೇಲೇ ಹೆಸರು ಬರೆದಿದೆ. ಮನೆಯಲ್ಲಿ ಅಜ್ಜಿ ‘ರೌರವ ನರಕಕ್ಕೆ ಹೋಗ್ತೀಯ’ ಎಂದು ಬೈದದ್ದನ್ನು ಕೇಳಿದ ಮಕ್ಕಳು ಇಲ್ಲಿ ಬೇಗ ಮುಂದೆ ಹೋಗುವುದಿಲ್ಲ. ನ್ಯಾಯ ಹೇಳುವ ಬಹುಬಾಹು ದೇವರನ್ನು ನೋಡಿ ಗೈಡ್ ಹೆಸರು ಹೇಳುವ ಮುಂಚೆಯೇ ನಮ್ಮವರು ನಾಲ್ಕೈದು ಜನ ‘ಯಮ’ ಎಂದರು. ಅರಳಗುಪ್ಪೆಯಲ್ಲಿ ಕಂಡ ಕೋಣ ಇಲ್ಲೂ ಇತ್ತು.

ಪೂರ್ವದ ಕೈಸಾಲೆಯಲ್ಲಿ ಸಮುದ್ರ ಮಥನ. ಉದ್ದ ಸುಮಾರು 49 ಮೀಟರ್. ವಾಸುಕಿಯ ತಲೆ ಕಡೆ 92 ಅಸುರರು, ಬಾಲದ ಕಡೆ 88 ದೇವತೆಗಳು. ಬೆಳಗಿನ ಬೆಳಕು ಈ ಕಡೆಯಿಂದಲೇ ಬರುವುದರಿಂದ ಈ ಹೊತ್ತಿಗೆ ಇಲ್ಲಿರುವುದು ಮುಖ್ಯ. ಎಲ್ಲರೂ ಮೇಲೆ ನೋಡುತ್ತಾರೆ. ನೀವು ಮಕ್ಕಳಿಗೆ ಕೆಳಗೆ ನೋಡಲು ಹೇಳಿ. ದೂರದಲ್ಲಿ ಮೀನು, ಮೊಸಳೆ ಆರಾಮಾಗಿ ಈಜುತ್ತಿವೆ. ಮಂದರದ ಹತ್ತಿರ ಬಂದ ಹಾಗೆ ನೀರು ಸುಳಿಯಾಗಿ, ಮೀನುಗಳು ತುಂಡು ತುಂಡಾಗಿವೆ. ಕಡೆಯುವ ರಭಸವನ್ನು ಶಿಲ್ಪಿ ಮೀನಿನ ಮೈಯಲ್ಲಿ ತೋರಿಸಿದ್ದಾನೆ.

ಮುಟ್ಟಬೇಡಿ ಎಂದು ಹತ್ತು ಸಲ ಹೇಳಿ. ನಮ್ಮ ಕಡೆಯ ಗ್ರಾನೈಟ್ ಅಲ್ಲ ಇದು, ಮರಳುಗಲ್ಲು. ಕೈಯ ಬೆವರು, ಎಣ್ಣೆಗೆ ಸವೆಯುತ್ತದೆ. ಜನ ಉಜ್ಜಿ ಉಜ್ಜಿ ಎಷ್ಟೋ ಕಡೆ ಶಿಲ್ಪ ಕನ್ನಡಿಯ ಹಾಗೆ ಹೊಳೆಯುತ್ತಿದೆ. ಆ ಹೊಳಪು ಚೆಂದವಲ್ಲ, ಹೋದ ಕೆತ್ತನೆ ಎಂದು ತೋರಿಸಿ ಹೇಳಿ.

ಗೋಡೆ, ಕಂಬಗಳಲ್ಲಿ ಬೆರಳು ತೂರುವಷ್ಟು ದುಂಡು ತೂತುಗಳು ಕಾಣುತ್ತವೆ. ನಮ್ಮ ಗುಂಪಿನಲ್ಲಿ ಮಧುಗಿರಿ ಕಡೆಯ ಹುಡುಗಿಯೊಬ್ಬಳು ಇದ್ದಳು, ಅಪ್ಪ ಕಲ್ಲು ಕ್ವಾರಿಯಲ್ಲಿ ಕೆಲಸ ಮಾಡುವವರು. ಅವಳು ಆ ತೂತಿನ ಮುಂದೆ ಬಹಳ ಹೊತ್ತು ನಿಂತಳು. ‘ಮೇಡಂ, ನಮ್ಮಪ್ಪ ಕಲ್ಲು ಸೀಳೋಕೆ ಸಾಲಾಗಿ ತೂತು ಹೊಡೀತಾರೆ. ಇದು ಸಾಲಾಗಿಲ್ಲ. ಸೀಳೋಕಲ್ಲ ಇದು’ ಎಂದಳು. ಗೈಡ್‌ಗೆ ಕೇಳಿದೆವು. ಅವಳು ಹೇಳಿದ್ದೇ ಸರಿ. ಕಲ್ಲು ಎತ್ತಲು, ಸಾಗಿಸಲು ಮರದ ಗೂಟ ಸಿಕ್ಕಿಸಿ ಹಗ್ಗ ಕಟ್ಟುತ್ತಿದ್ದ ತೂತುಗಳವು. ಸುಮಾರು 40 ಕಿ.ಮೀ. ದೂರದ ಕುಲೆನ್ ಬೆಟ್ಟದ ಬುಡದಿಂದ ಕಾಲುವೆಗಳಲ್ಲಿ ಆ ಕಲ್ಲು ತಂದರು. ನಾನು ಓದಿದ್ದರಲ್ಲಿ ಇದು ಇದ್ದರೂ ಆ ತೂತುಗಳನ್ನು ನಾನು ಒಂದು ಸಲವೂ ನಿಂತು ನೋಡಿರಲಿಲ್ಲ.

ಮೇಲಿನ ಅಂತಸ್ತಿನ ಮೆಟ್ಟಿಲು ಕಡಿದಾಗಿದೆ, ಒಂದು ಸಲಕ್ಕೆ ಇಷ್ಟೇ ಜನ ಎಂದು ಬಿಡುತ್ತಾರೆ. ಬೌದ್ಧರ ಪವಿತ್ರ ದಿನಗಳಲ್ಲಿ ಮುಚ್ಚಿರುತ್ತದೆ. ಆ ದಿನಾಂಕ ನೋಡಿಕೊಂಡು ನಿಮ್ಮ ದಿನ ಗೊತ್ತು ಮಾಡಿ. ತಲೆ ಸುತ್ತುವವರನ್ನು ಬಲವಂತ ಮಾಡಬೇಡಿ. 11ಕ್ಕೆ ಎಲ್ಲರನ್ನೂ ಹೋಟೆಲಿಗೆ ಕರೆದುಕೊಂಡು ಹೋಗಿ ಮಲಗಿಸಿ. ಮತ್ತೆ ಮೂರೂವರೆಗೆ ಬನ್ನಿ. ಸಂಜೆಯ ಬಿಸಿಲು ಗುಡಿಯ ಮುಖಕ್ಕೇ ಬೀಳುತ್ತದೆ. ಅದು ಮೊಬೈಲ್ ಹೊತ್ತು, ಎಷ್ಟು ಬೇಕಾದರೂ ತೆಗೆದುಕೊಳ್ಳಲಿ.

ಆರನೇ ಹೆಜ್ಜೆ: ಉಳಿದ ಎರಡು ದಿನ

ಒಂದು ದಿನ ಬೆಳಿಗ್ಗೆ ಬಯೋನ್, ಮಧ್ಯಾಹ್ನದ ಮೇಲೆ ತಾ ಪ್ರೋಮ್. ಎರಡು ಗುಡಿಯೂ ರಾಜ 7ನೇ ಜಯವರ್ಮನ ಕಾಲದ್ದು. ಬಯೋನ್‌ನ ದೊಡ್ಡ ಮುಖಗಳ ಕೆಳಗೆ ಎಲ್ಲರೂ ಫೋಟೋ ತೆಗೆಸಿಕೊಳ್ಳುತ್ತಾರೆ. ಹೊರಗಿನ ಗೋಡೆ ನೋಡಿ. ಸಂತೆ, ಅಡುಗೆ, ಕೋಳಿ ಜಗಳ, ದೋಣಿ ಯುದ್ಧ ಎಲ್ಲ ಅಲ್ಲಿದೆ. ತಾ ಪ್ರೋಮ್‌ನಲ್ಲಿ ಮರದ ಬೇರು ಗುಡಿಯನ್ನೇ ತಬ್ಬಿಕೊಂಡಿದೆ. ಅಲ್ಲಿ ಸಂರಕ್ಷಣೆ ಕೆಲಸ ಮಾಡಿರುವುದು ನಮ್ಮ ಭಾರತೀಯ ಪುರಾತತ್ವ ಇಲಾಖೆ. ಅಂಕೋರ್‌ವಾಟ್‌ನಲ್ಲೂ ಅವರು 1986ರಿಂದ 1993ರವರೆಗೆ, ಆ ದೇಶ ಬಹಳ ಕಷ್ಟದಲ್ಲಿದ್ದ ಕಾಲದಲ್ಲಿ, ಕೆಲಸ ಮಾಡಿದ್ದಾರೆ.

ಇನ್ನೊಂದು ದಿನ ಬಂತೆಯ್ ಸ್ರೇ. ದೂರ ಇದೆ, ಬೇಗ ಹೊರಡಿ. 967ರಲ್ಲಿ ಪ್ರತಿಷ್ಠೆಯಾದ ಶಿವನ ಗುಡಿ. ಕಟ್ಟಿಸಿದವನು ರಾಜನಲ್ಲ, ಯಜ್ಞವರಾಹ ಎಂಬ ವಿದ್ವಾಂಸ. ಪುಟ್ಟ ಗುಡಿ, ಕೆಂಪು ಕಲ್ಲು, ಮರದ ಮೇಲೆ ಕೆತ್ತಿದಷ್ಟು ನಯ. ಕೈಲಾಸ ಅಲುಗಿಸುವ ರಾವಣನನ್ನು ಇಲ್ಲಿ ನೋಡಲೇಬೇಕು. ಕಾಲಿನಲ್ಲಿ ಶಕ್ತಿ ಇದ್ದರೆ ಮುಂದೆ ಕ್ಬಾಲ್ ಸ್ಪಿಯನ್. ಒಂದೂವರೆ ಕಿ.ಮೀ. ಕಾಡು ಹತ್ತಿದರೆ ಹೊಳೆಯ ತಳದ ಬಂಡೆಯಲ್ಲಿ ಸಾಲು ಸಾಲು ಲಿಂಗಗಳು. ಶಿರಸಿಯ ಸಹಸ್ರಲಿಂಗ ನೋಡಿದವರಿಗೆ ಮೈ ಜುಮ್ಮೆನ್ನುತ್ತದೆ. ದೂರದ ಗುಡಿಗಳ ಹತ್ತಿರ ದಾರಿ ಬಿಟ್ಟು ಕಾಲಿಡಬಾರದು. ಯುದ್ಧ ಕಾಲದ ನೆಲಬಾಂಬುಗಳ ಭಯ ಇನ್ನೂ ಪೂರ್ತಿ ಹೋಗಿಲ್ಲ.

ಊಟ, ರಸ್ತೆ, ಕೋತಿ

ಸಸ್ಯಾಹಾರಿಗಳಿಗೆ ತೊಂದರೆ ಮಾಂಸದ್ದಲ್ಲ, ಮೀನಿನ ರಸದ್ದು. ತರಕಾರಿ ಪಲ್ಯಕ್ಕೂ ಹಾಕುತ್ತಾರೆ. ಬಿಡಿಸಿ ಕೇಳಿ. ಸಿಯೆಮ್ ರೀಪ್‌ನಲ್ಲಿ ಭಾರತದ ಊಟದ ಹೋಟೆಲುಗಳಿವೆ. ಚಟ್ನಿಪುಡಿ, ಅವಲಕ್ಕಿ, ಹುರಿಗಡಲೆ ಚೀಲದಲ್ಲಿರಲಿ. ಒಆರ್‌ಎಸ್ ಪೊಟ್ಟಣ ಒಬ್ಬೊಬ್ಬರಿಗೆ ನಾಲ್ಕು.

ಅಲ್ಲಿ ಗಾಡಿಗಳು ರಸ್ತೆಯ ಬಲಗಡೆ ಓಡುತ್ತವೆ. ರಸ್ತೆ ದಾಟುವಾಗ ಮೊದಲು ಎಡಕ್ಕೆ ನೋಡಬೇಕು. ನಮ್ಮ ಅಭ್ಯಾಸ ಉಲ್ಟಾ. ಮೊದಲ ದಿನವೇ ಹೋಟೆಲ್ ಮುಂದೆ ನಿಲ್ಲಿಸಿ ಎರಡು ಸಲ ದಾಟಿಸಿ ಅಭ್ಯಾಸ ಮಾಡಿಸಿ. ಒಬ್ಬ ಮೇಷ್ಟರಿಗೆ 10 ಮಕ್ಕಳಿಗಿಂತ ಜಾಸ್ತಿ ಬೇಡ. ಹೋಟೆಲಿನ ಕಾರ್ಡು ಎಲ್ಲರ ಜೇಬಿನಲ್ಲೂ ಇರಲಿ. ಕೋತಿ ಬಗ್ಗೆ ದೇವರಾಯನದುರ್ಗ ನೋಡಿದ ಮಕ್ಕಳಿಗೆ ಏನೂ ಹೇಳಬೇಕಾಗಿಲ್ಲ. ತಿಂಡಿ ಕವರ್ ಕೈಯಲ್ಲಿ ಹಿಡಿಯದಿದ್ದರಾಯಿತು.

ಅಲ್ಲಿಯ ಜನರ ಜೊತೆ

ಅವರೂ ನಮ್ಮ ಹಾಗೆ ಕೈ ಮುಗಿಯುತ್ತಾರೆ. ಮುಗಿದು ನಗಿ, ಅರ್ಧ ಭಾಷೆ ಬಂದ ಹಾಗೆ. ಪುಟ್ಟ ಮಕ್ಕಳು ಸರ, ಪೋಸ್ಟ್‌ಕಾರ್ಡ್ ಮಾರಲು ಬಂದರೆ ಕೊಳ್ಳಬೇಡಿ, ದುಡ್ಡೂ ಕೊಡಬೇಡಿ. ಕೊಂಡರೆ ನಾಳೆಯೂ ಆ ಮಗು ಶಾಲೆ ಬಿಟ್ಟು ಅಲ್ಲೇ ನಿಲ್ಲುತ್ತದೆ. ದೊಡ್ಡವರ ಅಂಗಡಿಯಲ್ಲಿ ಕೊಳ್ಳಿ.

1975ರಿಂದ 1979ರವರೆಗೆ ಖಮೇರ್ ರೂಜ್ ಎಂಬ ಕಮ್ಯುನಿಸ್ಟ್ ಗುಂಪಿನ ಆಡಳಿತದಲ್ಲಿ ಆ ದೇಶದಲ್ಲಿ 15 ಲಕ್ಷಕ್ಕೂ ಜಾಸ್ತಿ ಜನ ಸತ್ತರು. ವಯಸ್ಸಾದ ಗೈಡ್, ಡ್ರೈವರ್ ಯಾರೇ ಇರಲಿ, ಅವರ ಮನೆಯಲ್ಲೂ ಸಾವು ಆಗಿರುತ್ತದೆ. ಇದನ್ನು ಮಕ್ಕಳಿಗೆ ಇಲ್ಲಿಂದ ಹೊರಡುವ ಮುಂಚೆಯೇ ಹೇಳಿ. ಕುತೂಹಲಕ್ಕೆ ಕೇಳಬಾರದು. ಅವರಾಗೇ ಹೇಳಿದರೆ ಫೋನು ಇಟ್ಟು ಕೇಳಬೇಕು.

ಕೊನೆಯ ಹೆಜ್ಜೆ: ವಾಪಸ್ ಬಂದ ವಾರದೊಳಗೆ

ವಾರ ಕಳೆದರೆ ನೆನಪು ಮಸುಕಾಗುತ್ತದೆ. ಆದ್ದರಿಂದ ತಡ ಮಾಡದೆ ಒಂದು ಸಂಜೆ ಅಪ್ಪ ಅಮ್ಮಂದಿರನ್ನು ಕಾಲೇಜಿಗೆ ಕರೆಯಿರಿ. ಮಕ್ಕಳು ತಮ್ಮ ತಮ್ಮ ಪಾಲಿನ ಶಿಲ್ಪದ ಚಿತ್ರವನ್ನು ಫೋಟೋ ನೋಡದೆ ಹಾಳೆ ಮೇಲೆ ಬರೆದು, ಆಮೇಲೆ ಫೋಟೋ ಪಕ್ಕಕ್ಕಿಟ್ಟು ಏನು ಬಿಟ್ಟುಹೋಯಿತು ಎಂದು ನೋಡಲಿ. ಮಾತು ಕನ್ನಡದಲ್ಲೇ ಇರಲಿ. ಒಬ್ಬೊಬ್ಬರಿಗೆ 5 ನಿಮಿಷ ಸಾಕು.

ನಮ್ಮ ಸಂಜೆಗೆ ಮಧುಗಿರಿ ಕಡೆಯ ಆ ಹುಡುಗಿಯ ಅಪ್ಪ ಕೆಲಸ ಮುಗಿಸಿಕೊಂಡು ತಡವಾಗಿ ಬಂದರು. ಹಿಂದಿನ ಬೆಂಚಿನಲ್ಲಿ ಕೂತರು. ಮಗಳು ತೂತುಗಳ ಫೋಟೋ ತೋರಿಸಿ ಮಾತು ಮುಗಿಸಿದ ಮೇಲೆ ಎದ್ದು ಬಂದು, ಫೋನನ್ನು ಕೈಗೆ ತಗೊಂಡು, ಎರಡು ಕಲ್ಲು ಸೇರುವ ಗೆರೆಯನ್ನು ದೊಡ್ಡದು ಮಾಡಿ ನೋಡಿದರು. ‘ಗಾರೆ ಹಾಕಿಲ್ವಾ?’ ಎಂದು ಕೇಳಿದರು. ಇಲ್ಲ, ಒಂದು ಕಲ್ಲಿನ ಮೇಲೆ ಇನ್ನೊಂದನ್ನು ಉಜ್ಜಿ ಉಜ್ಜಿ ಕೂರಿಸಿದ್ದಾರೆ ಎಂದಳು ಮಗಳು. ಅವರು ಆ ಗೆರೆಯ ಮೇಲೆ ಹೆಬ್ಬೆರಳು ಆಡಿಸಿ, ‘ಅದಕ್ಕೇ ಬ್ಲೇಡೂ ತೂರಲ್ಲ ನೋಡಮ್ಮ’ ಎಂದು ಇನ್ನೊಂದು ಫೋಟೋ ತೋರಿಸು ಎಂದರು.